ಮುದ್ದಣ್ಣನ ಮೊಣಕಾಲುದ್ದ ನೀರು

ಕೊಳಾಲ ಹೋಬಳಿಯ ಒಂದು ಹಳ್ಳಿಯ ಕೆರೆ ಬಹಳ ವರ್ಷಗಳ ಮೇಲೆ ತುಂಬಿ ಕೋಡಿ ಬಿದ್ದಿತ್ತು. ಊರಿಗೆ ಊರೇ ಏರಿಯ ಮೇಲೆ ನಿಂತು ಕಣ್ತುಂಬ ನೋಡಿತು. ಬರೀ ನೋಡಿಕೊಂಡು ಸುಮ್ಮನಿರಲು ಆದೀತೆ? ಭಾನುವಾರ ಬಂತೆಂದರೆ ಜನ ಮೀನುಗಾರ ಹಾಲೇಶನ ತೆಪ್ಪ ಹತ್ತಿ ಕೆರೆ ನಡುವಿನ ದಿಬ್ಬಕ್ಕೆ ಹೋಗುವುದು, ಅಲ್ಲೇ ಒಲೆ ಹೂಡಿ ಉಂಡು, ಮಲಗಿದ್ದು ಬರುವುದು ಶುರುವಾಯಿತು.

ಮುದ್ದಣ್ಣನಿಗೂ ಆಸೆ ಹುಟ್ಟಿತು. ಶಿರಾದಿಂದ ಮಗಳು ಮಂಜುಳಾ ಬಂದಿದ್ದಳು, ಜೊತೆಗೆ ಮೊಮ್ಮಗಳು ರಕ್ಷಾ. ರಕ್ಷಾ ಎಂದರೆ ಮುದ್ದಣ್ಣನಿಗೆ ಜೀವ. "ಕೆರೆ ಒಳಗಿನ ಎಮ್ಮೆಬಂಡೆ ತಾವ ತೆಪ್ಪ ನಿಲ್ಲುಸ್ತೀನಿ ಕಣವ್ವ. ಅಲ್ಲಿ ಮೊಣಕಾಲುದ್ದ ನೀರು. ಇಳ್ದು ಎಷ್ಟೊತ್ತು ಬೇಕಾದ್ರೂ ಆಡು," ಎಂದು ಮಾತು ಕೊಟ್ಟುಬಿಟ್ಟಿದ್ದ.

ಮಂಜುಳಾ ಶಾಲೆಯೊಂದರಲ್ಲಿ ಆಟದ ಟೀಚರು. ದಾಂಡೇಲಿಯ ಕಡೆ ಹೊಳೆಯಲ್ಲಿ ದೋಣಿ ನಡೆಸಿ, ದಡದಲ್ಲಿ ಟೆಂಟು ಹಾಕಿ ಮಲಗಿ ಬಂದವಳು. ಈ ಸಲ ಟೆಂಟಿನ ಜೊತೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳನ್ನೂ ತಂದಿದ್ದಳು. ಅವನ್ನು ಕಂಡಿದ್ದೇ ಮುದ್ದಣ್ಣ ಹಲ್ಲು ಬಿಟ್ಟ.

"ಇದೇನವ್ವ, ಎತ್ತಿಗೆ ಜೂಲು ಹೊದುಸ್ದಂಗೆ!"

"ಅಪ್ಪಾ, ಇದಿಲ್ದೆ ಯಾರೂ ತೆಪ್ಪ ಹತ್ತಂಗಿಲ್ಲ."

"ಈ ಕೆರೆ ಒಳಗೆ ಮೇಕೆ ಮೇಯ್ಸಿದೋನು ನಾನು, ಹುಳ್ಳಿ ಬಿತ್ತಿದೋನು. ಯಾವ ಜಾಲಿ ಬುಡ ಎಲ್ಲೈತೆ ಅಂತ ಕಣ್ಮುಚ್ಕಂಡು ಹೇಳ್ತೀನಿ."

"ಅದು ಒಣಗಿದ್ದಾಗ ಅಪ್ಪಾ."

"ನೀರು ತುಂಬುದ್ರೆ ನೆಲ ಎದ್ದು ಓಡೋಯ್ತದಾ?"

ಅಡುಗೆಮನೆಯಿಂದ ಹೆಂಡತಿ ಕದರಮ್ಮನ ದನಿ ಬಂತು. "ಮಗ್ಳು ಅಷ್ಟು ದೂರದಿಂದ ಹೊತ್ಕಂಡು ಬಂದವ್ಳೆ. ಹಾಕ್ಕಳಾಕೆ ಏನ್ ಕಷ್ಟ ನಿಂಗೆ?"

ಮುದ್ದಣ್ಣ ಜಗ್ಗಲಿಲ್ಲ. ಕೊನೆಗೆ ಜಗ್ಗಿಸಿದವಳು ರಕ್ಷಾ. "ತಾತ ಹಾಕ್ಕಳ್ಳಿಲ್ಲ ಅಂದ್ರೆ ನಾನೂ ಹಾಕ್ಕಳಲ್ಲ," ಎಂದು ಜಾಕೆಟ್ ಬಿಚ್ಚತೊಡಗಿದಳು. ಅಲ್ಲಿಗೆ ತಾತನ ಹಟ ಮುಗಿಯಿತು.

ಮಂಜುಳಾ ಒಂದೊಂದೇ ಪಟ್ಟಿ ಬಿಗಿದು, ಹೆಗಲ ಹತ್ತಿರ ಎಳೆದು ನೋಡಿದಳು.

"ಉಸ್ರು ಕಟ್ತದೆ ಕಣಮ್ಮಿ!"

"ಏನಾಗಲ್ಲ. ಸಡ್ಲ ಬಿಟ್ರೆ ಜಾಕೆಟ್ ಮೇಲ್ ತೇಲ್ತದೆ, ನೀನ್ ಕೆಳಗೆ ಹೋಗ್ತೀಯ."

ನಾಳೆ ಬೆಳಿಗ್ಗೆ ಬರುತ್ತೇವೆಂದು ಕದರಮ್ಮನಿಗೆ ಹೇಳಿ, ಬಿಸಿಲು ಇಳಿಯುವ ಮೊದಲೇ ಹೊರಟರು. ಹಾಲೇಶನೂ ಜಾಕೆಟ್ ತೊಟ್ಟು ಹುಟ್ಟು ಹಾಕುತ್ತಿದ್ದ. ನೀರು ಅಲುಗಾಡದೆ ಮಲಗಿತ್ತು. ಮುದ್ದಣ್ಣ ಕೈ ಚಾಚಿ, ಇಲ್ಲಿ ಹುಳ್ಳಿ ಒಕ್ಕಿದ್ದು, ಅಲ್ಲಿ ಮೇಕೆ ಈದದ್ದು ಎಂದು ತೋರಿಸುತ್ತಲೇ ಇದ್ದ.

ಎಮ್ಮೆಬಂಡೆಯ ನೆತ್ತಿ ಕಂಡಿತು. "ಇಳಿಯವ್ವ!" ಎಂದ. ರಕ್ಷಾ ಒಂದು ಕಾಲು ಆಗಲೇ ಹೊರಗಿಟ್ಟಿದ್ದಳು. ಮಂಜುಳಾ ಅವಳ ಕೈ ಗಟ್ಟಿಯಾಗಿ ಹಿಡಿದಳು. "ತಡಿ. ಮೊದ್ಲು ಗಳ ಬಿಟ್ಟು ಆಳ ನೋಡಾಣ."

ಮುದ್ದಣ್ಣನಿಗೆ ರೇಗಿತು. ಇವಳ ಅನುಮಾನಕ್ಕೆ ಕೊನೆಯೇ ಇಲ್ಲವೇ? ಹಾಲೇಶನ ಬಿದಿರು ಗಳ ಕಿತ್ತುಕೊಂಡು, ಎದ್ದು ನಿಂತು, ಮೈಭಾರವೆಲ್ಲ ಹಾಕಿ ಚುಚ್ಚಿದ. ಗಳ ಎಲ್ಲೂ ನಿಲ್ಲಲಿಲ್ಲ. ಅದರ ಹಿಂದೆಯೇ ಮುದ್ದಣ್ಣನೂ ನೀರಿಗೆ ಬಿದ್ದ.

"ಯಾರೂ ಏಳ್ಬೇಡಿ, ಒಂದೇ ಕಡೆ ಬಗ್ಬೇಡಿ!" ಮಂಜುಳಾ ಕೂಗಿದಳು. ಅಷ್ಟರಲ್ಲಿ ಜಾಕೆಟ್ ಅವನನ್ನು ಮೇಲೆತ್ತಿತ್ತು. "ಅಪ್ಪಾ, ಒದ್ದಾಡ್ಬೇಡ. ಅಂಗಾತ ಆಗು, ಅದು ನಿನ್ನ ಹಿಡ್ಕಂತದೆ." ಮುದ್ದಣ್ಣನ ಕಾಲು ನೆಲ ಹುಡುಕುತ್ತಿತ್ತು. ನೆಲವೇ ಇರಲಿಲ್ಲ. ಹಾಲೇಶ ನೀರಿಗೆ ಹಾರದೆ, ಕೂತಲ್ಲಿಂದಲೇ ಹುಟ್ಟು ಚಾಚಿ, ಅದನ್ನು ಹಿಡಿದವನನ್ನು ಬಂಡೆಯವರೆಗೆ ಎಳೆದ.

"ಇಲ್ಲಿ ನೆಲ ಇತ್ತು ಕಣಯ್ಯ ಹಾಲೇಶ. ನಾನೇ ನಿಂತಿದ್ದೆ," ಎಂದ ಮುದ್ದಣ್ಣ, ಬಂಡೆಯ ಮೇಲೆ ಕೂತು ಕೆಮ್ಮುತ್ತಾ.

"ಇತ್ತು ಮುದ್ದಣ್ಣ. ಜೆಸಿಬಿ ಬಂದ್ಮೇಲೆ ಎಲ್ಲೈತೆ? ಎಲ್ರೂ ಹೊಲಕ್ಕೆ ಕೆರೆ ಗೋಡು ಮಣ್ಣು ಹೊಡ್ಕಂಡ್ರಲ್ಲ."

ಮುದ್ದಣ್ಣನಿಗೆ ಆ ಬೇಸಿಗೆ ನೆನಪಾಯಿತು. ಬಂಡೆ ಮಗ್ಗುಲಲ್ಲಿ ಒಳ್ಳೆ ಕಪ್ಪು ಗೋಡು ಮಣ್ಣಿದೆ, ಇನ್ನೂ ಆಳಕ್ಕೆ ತೆಗಿ ಎಂದು ಜೆಸಿಬಿಯವನಿಗೆ ಜಾಗ ತೋರಿಸಿದವನು ತಾನೇ. ಟ್ರೇಲರ್ ಮೇಲೆ ಟ್ರೇಲರ್ ಹೊಲಕ್ಕೆ ಸಾಗಿತ್ತು. ಆ ವರ್ಷದ ರಾಗಿಯನ್ನು ಕಂಡವರಿಗೆಲ್ಲ ಹೊಗಳಿಕೊಂಡಿದ್ದ. ಮಣ್ಣು ಹೋದ ಜಾಗದಲ್ಲಿ ಏನು ಉಳಿಯಿತೆಂದು ಒಂದು ದಿನವೂ ಯೋಚಿಸಿರಲಿಲ್ಲ. ತೆಪ್ಪದ ಅಂಚಿನಲ್ಲಿದ್ದ ರಕ್ಷಾಳ ಪುಟ್ಟ ಕಾಲು ನೋಡಿದ. 

"ನಾನೇ ತೋಡ್ಸಿದ್ ಗುಂಡಿಗೆ ನಾನೇ ಮಗೀನ ಇಳಿಸ್ತಿದ್ನಲ್ಲವ್ವ," ಎಂದವನು ಮಗಳ ಮುಂದೆ ನಾಚಿಕೆ ಬಿಟ್ಟು ಅತ್ತ. ಮಂಜುಳಾ ಬಂಡೆಗೆ ದಾಟಿ ಬಂದು ಪಕ್ಕದಲ್ಲಿ ಕೂತಳು.

ಸಂಜೆ ದಿಬ್ಬದಲ್ಲಿ ಟೆಂಟು ಎಲ್ಲಿ ಹಾಕಬೇಕೆಂದು ಮುದ್ದಣ್ಣನೇ ಹೇಳಿದ, ನೀರಿನಿಂದ ದೂರ, ಎತ್ತರದಲ್ಲಿ. ಮುದ್ದೆ, ಮೀನು ಸಾರು ಉಂಡು ಎಲ್ಲರೂ ಹಾಯಾಗಿ ಮಲಗಿದರು. ಅಂದಿನಿಂದ ಪ್ರತಿ ಭಾನುವಾರ ಏರಿಯ ಮೇಲೆ ಅವನದ್ದೇ ಕಾವಲು. "ನಂಗೆ ಈ ಕೆರೆ ಗೊತ್ತು ಬುಡು," ಎಂದವರಿಗೆ, "ನಂಗೂ ಗೊತ್ತಿತ್ತು ಕಣ್ಲಾ. ಜಾಕೆಟ್ ಹಾಕ್ಕ," ಎನ್ನುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಕೆರೆ ತುಂಬಿದೆ, ಸಂತೋಷವಾಗಿ ಹೋಗಿ ಬನ್ನಿ. ಜಾಕೆಟ್ ಬಿಗಿದುಕೊಳ್ಳಿ, ತೆಪ್ಪದಲ್ಲಿ ಕೂತೇ ಇರಿ, ಮನೆಯಲ್ಲಿ ಹೇಳಿ ಹೊರಡಿ. ಮಕ್ಕಳನ್ನು ನೀರಿಗೆ ಇಳಿಸುವ ಮುಂಚೆ ಒಮ್ಮೆ ನಿಮ್ಮ ಹೊಲದ ಕಡೆ ನೋಡಿ. ಅಲ್ಲಿಗೂ ಕೆರೆಯ ಗೋಡು ಬಂದಿದೆ ತಾನೇ? ಅದು ಎದ್ದು ಬಂದ ಗುಂಡಿ ಇನ್ನೂ ಆ ನೀರಿನ ಅಡಿಯಲ್ಲೇ ಇದೆ.