ಸಾದಲಿಯ ಷೋಕಿ ಕಟ್ಟೆ

ಕನ್ನಂಬಾಡಿ ನೋಡಲು ಹೋದವರೆಲ್ಲ ಮೈಸೂರುಪಾಕು ತಂದರು. ಸಾದಲಿಯ ಚೆನ್ನರಾಯಪ್ಪ ಮಾತ್ರ ಕಟ್ಟೆಯನ್ನೇ ತಲೆಯಲ್ಲಿ ಹೊತ್ತು ತಂದ. ಅದು ಐವತ್ತೆಂಟನೇ ಇಸವಿ. ಬಂದವನೇ ತನ್ನ ಹೊಲದ ನಡುವಿನ ಹಳ್ಳಕ್ಕೆ ಅಡ್ಡಲಾಗಿ ಎರಡಾಳೆತ್ತರದ ಮಣ್ಣಿನ ಏರಿ ಹಾಕಿಸಿದ. ತೂಬೊಂದನ್ನು ಇಡಿಸಿದರೂ ಅದರ ಗೂಟ ಕೀಳಲು ಯಾರನ್ನೂ ಬಿಡಲಿಲ್ಲ; ಆ ನೀರಿನಿಂದ ಒಂದು ಗುಂಟೆ ರಾಗಿಯೂ ನೆನೆಯುವಂತಿರಲಿಲ್ಲ. ಅದು ವಿಹಾರಕ್ಕಂತೆ! ಒಂದು ಮಳೆ ತಪ್ಪಿದರೆ ಬಾಯಿ ಬಾಯಿ ಬಿಡುವ ಸೀಮೆಯಲ್ಲಿ ನೀರನ್ನು ಬರೀ ನೋಡುವುದಕ್ಕೆಂದು ಕಟ್ಟಿಹಾಕಿದ ಗಂಡಸು ಅವನೊಬ್ಬನೇ.

ವಿಹಾರಕ್ಕೆ ದೋಣಿ ಬೇಕಲ್ಲ? ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆಯನ್ನೇ ನೀರಿಗಿಳಿಸಿದ. ಹುಟ್ಟು ಹಾಕಿದರೆ ಅದು ಮುಂದೆ ಹೋಗುತ್ತಿರಲಿಲ್ಲ, ನಿಂತಲ್ಲೇ ಗಿರಗಿರ ತಿರುಗುತ್ತಿತ್ತು. ಚೆನ್ನರಾಯಪ್ಪ ದಿಂಬಿಗೊರಗಿ, ಕೊಡೆ ಬಿಚ್ಚಿಕೊಂಡು, ನಾಲ್ಕು ದಿಕ್ಕಿಗೂ ಸರದಿಯಂತೆ ಮುಖ ಮಾಡುತ್ತಾ ಕೂರುತ್ತಿದ್ದ. ತನಗೆ ಬೇಕಾದದ್ದೇ ಅದು ಎನ್ನುವ ಹಾಗೆ ಮೀಸೆಯ ಮೇಲೆ ಕೈಯಾಡಿಸುತ್ತಿದ್ದ.

ಹೆಂಡತಿ ವೆಂಕಟರತ್ನಮ್ಮನಿಗೆ ತಿರುಗುವ ಗಂಡನ ಚಿಂತೆ ಇರಲಿಲ್ಲ. ತಿರುಗಿ ತಿರುಗಿ ತಾನೇ ಸುಸ್ತಾಗುತ್ತಾನೆ ಎಂದು ಬಿಟ್ಟಿದ್ದಳು. ಅವಳ ಜೀವವೆಲ್ಲ ಏರಿಯ ಕೆಳಗೇ ಇದ್ದ ಹುಳುಮನೆಯಲ್ಲಿತ್ತು. ಬೆಳೆಯ ಮೇಲೆ ಬೆಳೆಯಾಗಿ ಅಲ್ಲಿ ರೇಷ್ಮೆಹುಳು ಎಬ್ಬಿಸುತ್ತಿದ್ದಳು. ನಾಲ್ಕು ಸಲ ಪೊರೆ ಕಳಚಿ, ಬೆರಳು ಗಾತ್ರ ಆಗಿ, ಹಣ್ಣಾಗಿ ಗೂಡು ಕಟ್ಟುವ ತನಕ ಮಕ್ಕಳಂತೆ ಸಾಕುತ್ತಿದ್ದಳು. ಹುಳುವಿಗೆ ಘಾಟು ಆಗುವುದಿಲ್ಲವೆಂದು ಮನೆಯಲ್ಲಿ ಒಗ್ಗರಣೆಯನ್ನೇ ನಿಲ್ಲಿಸಿದ್ದಳು. ಚೆನ್ನರಾಯಪ್ಪ ಸಪ್ಪೆ ಸಾರು ಉಂಡು ಉಂಡು ಮುಖ ಸಪ್ಪಗೆ ಮಾಡಿಕೊಂಡಿದ್ದ.

ಒಂದು ದಿನ ಏರಿಯ ಬುಡ ಒದ್ದೆಯಾಗಿರುವುದು ವೆಂಕಟರತ್ನಮ್ಮನ ಕಣ್ಣಿಗೆ ಬಿತ್ತು.

"ರೀ, ಏರಿ ಜಿನುಗ್ತಾ ಐತೆ. ಬನ್ನಿ ನೋಡಿ."

ಚೆನ್ನರಾಯಪ್ಪ ಬಂದು ನೋಡಿದ. "ಜಿನುಗೋದಲ್ಲ ಕಣೇ, ಬೆವರು. ಅಷ್ಟು ನೀರು ತಡ್ಕೊಂಡು ನಿಂತೈತೆ. ನೀನಾಗಿದ್ರೆ ಬೆವರ್ತಿರಲಿಲ್ವಾ?"

ಆಮೇಲೆ ಏರಿಯ ಮೇಲೆ ಹತ್ತಿ, ಪಂಚೆ ಎತ್ತಿಕಟ್ಟಿ ಮೂರು ಸಲ ಕುಣಿದ. "ನೋಡ್ದಾ? ಜಗ್ಗಲ್ಲ." ಅವನ ಕಟ್ಟೆಯ ತಪಾಸಣೆ ಎಂದರೆ ಇಷ್ಟೇ.

ಮಳೆಗಾಲ ಮುಗಿಯುವಷ್ಟರಲ್ಲಿ ಏರಿಯ ನೆತ್ತಿಯ ಮೇಲೆ ಸೊಂಟದೆತ್ತರ ಹುತ್ತ ಎದ್ದಿತು. ಗೆದ್ದಲು ಏರಿಯ ಒಳಗನ್ನು ತಿಂದು ಹೊರಗೆ ಗೋಪುರ ಕಟ್ಟಿತ್ತು. ಅಗೆಸೋಣ ಎಂದು ವೆಂಕಟರತ್ನಮ್ಮ ಬಾಯಿ ತೆರೆಯುವಷ್ಟರಲ್ಲಿ ಗಂಡ ಹುತ್ತಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದು ನಿಂತಿದ್ದ.

"ಕನ್ನಂಬಾಡಿಗೂ ಇಲ್ಲ ಕಣೇ ಈ ಭಾಗ್ಯ. ನಾಗಪ್ಪನೇ ಬಂದು ಕಾವಲು ಕೂತವ್ನೆ!"

ಅರಿಶಿನ ಹತ್ತಿದ ಹುತ್ತಕ್ಕೆ ಗುದ್ದಲಿ ಹಾಕುವ ಎದೆ ಆ ಊರಲ್ಲಿ ಯಾರಿಗೂ ಇರಲಿಲ್ಲ. ವೆಂಕಟರತ್ನಮ್ಮನಿಗೂ ಇರಲಿಲ್ಲ, ಸುಳ್ಳು ಯಾಕೆ ಹೇಳಬೇಕು?

ದೀಪಾವಳಿ ಕಳೆದು ಆ ಸೀಮೆಯವರು ಕಾರ್ತಿಕದಲ್ಲಿ ಮಾಡುವ ನಾಗರ ಚೌತಿ ಬಂತು. ಕಟ್ಟೆ ತುಂಬಿ ತುಳುಕುತ್ತಿತ್ತು. ಹುಳುಮನೆಯಲ್ಲಿ ಆ ಸಲದ ಹುಳು, ವೆಂಕಟರತ್ನಮ್ಮನ ಕೈಯಲ್ಲಿ ಯಾವತ್ತೂ ಬೆಳೆಯದಷ್ಟು ಚೆನ್ನಾಗಿ ಬೆಳೆದು, ಇನ್ನೇನು ಹಣ್ಣಾಗುವುದರಲ್ಲಿತ್ತು. ಊರ ಹೆಂಗಸರೆಲ್ಲ ತಂಬಿಟ್ಟು, ಎಳ್ಳಿನ ಚಿಗಳಿ, ಚೊಂಬು ತುಂಬ ಹಾಲು ಹಿಡಿದು ಏರಿ ಹತ್ತಿದರು. ವೆಂಕಟರತ್ನಮ್ಮನೂ ಹಾಲೆರೆದಳು. ತನ್ನ ಹಿತ್ತಲಿನ ಕೆಂಪು ಸೇವಂತಿಗೆಯ ಎಸಳು ಬಿಡಿಸಿ ಹುತ್ತದ ಬಾಯಿಗೆ ಹಾಕಿ, "ಹುಳ ಕಾಪಾಡಪ್ಪ" ಎಂದು ಬೇಡಿಕೊಂಡು, ಸೊಪ್ಪು ಹಾಕಲು ಹುಳುಮನೆಗೆ ಇಳಿದಳು.

ಹುಳುಮನೆಯ ಬಾಗಿಲ ಮುಂದೆ, ಏರಿಯ ಬುಡದಿಂದ ಬೆಳ್ಳಗೆ ಏನೋ ಹರಿದು ಬರುತ್ತಿತ್ತು. ಬಗ್ಗಿ ಮುಟ್ಟಿ ಮೂಸಿದಳು. ಹಾಲು!

ಅವಳ ಬೆನ್ನಿಗೇ ಬಂದಿದ್ದ ಪಕ್ಕದ ಮನೆ ಆಂಜಿನಮ್ಮ ಕಿರುಚಿದಳು. ಕ್ಷಣದಲ್ಲಿ ಏರಿಯ ಮೇಲೆಲ್ಲ ಸುದ್ದಿಯಾಯಿತು. ಕಟ್ಟೆ ಹಾಲು ಸುರಿಸುತ್ತಿದೆ! ನಾಗಪ್ಪ ಪ್ರಸನ್ನನಾದ! ಮನೆಗೆ ಓಡಿದವರು ಇನ್ನಷ್ಟು ಹಾಲು ತಂದರು. ಸುರಿದಷ್ಟೂ ಕೆಳಗೆ ಬಂತು, ಬಂದಷ್ಟೂ ಮೇಲೆ ಸುರಿದರು. ಕೊಪ್ಪರಿಗೆಯಲ್ಲಿದ್ದ ಚೆನ್ನರಾಯಪ್ಪನಂತೂ ದಿಂಬಿಗೆ ಮೊಣಕೈ ಊರಿ, ಕ್ಷೀರಸಾಗರ ತನ್ನದೇ ಎನ್ನುವಂತೆ ಮಲಗಿಬಿಟ್ಟ.

ವೆಂಕಟರತ್ನಮ್ಮ ಮಾತ್ರ ಕೈಮುಗಿಯಲಿಲ್ಲ. ಹಾಲಿನ ಜೊತೆ ಒಂದು ಕೆಂಪು ಎಸಳು ತೇಲಿ ಬಂದು ಅವಳ ಕಾಲಿಗೆ ತಾಗಿತ್ತು.

"ಆಂಜಿನಮ್ಮಾ, ಇದು ನಾನು ಮೇಲೆ ಹಾಕಿದ ಹೂವು. ಹೂವು ಬಂದ ದಾರೀಲಿ ನೀರು ಬರಲ್ವಾ?"

ಆಂಜಿನಮ್ಮ ಎಸಳನ್ನು ನೋಡಿದಳು, ಏರಿಯನ್ನು ನೋಡಿದಳು. ಗಾಬರಿಯಾದರೆ ಅವಳಿಗೆ ಬರುತ್ತಿದ್ದುದು ತೆಲುಗೇ. "ಅಯ್ಯಯ್ಯೋ, ಕೊಂಪ ಮುನಿಗಿಂದಿ!" ಎಂದು ಬಾಯಿ ಬಡಿದುಕೊಂಡಳು. ಮನೆ ಮುಳುಗಿತು ಎಂದು ಸುಮ್ಮನೆ ಆಡುವ ಮಾತು ಅವತ್ತು ನಿಜವಾಗುವುದರಲ್ಲಿತ್ತು.

ವೆಂಕಟರತ್ನಮ್ಮನಿಗೆ ಭಯಕ್ಕಿಂತ ಸಿಟ್ಟು ಜೋರಾಗಿ ಬಂತು. ಸೀದಾ ಏರಿ ಹತ್ತಿ, "ಎಲ್ರೂ ಇಳೀರಿ! ಇದು ಪವಾಡ ಅಲ್ಲ, ತೂತು!" ಎಂದು ಕೂಗಿದಳು. ಎಸಳು ತೋರಿಸಿದ ಮೇಲೆ ಹೆಂಗಸರು ಸೀರೆ ಎತ್ತಿಕೊಂಡು ದಡಬಡನೆ ಇಳಿದರು. ಅವಳು ಆಂಜಿನಮ್ಮನನ್ನು ಕರೆದುಕೊಂಡು ಏರಿಯ ಆ ಕೊನೆಯ ತೂಬಿಗೆ ನಡೆದಳು. ಅದರ ಗೂಟ ಕಿತ್ತರೆ ನೀರು ಪಕ್ಕದ ಕಾಲುವೆಗೆ ಬಿದ್ದು, ಹುಳುಮನೆಗೆ ತಾಗದೆ ಕೆಳಗಿನ ರಾಗಿ ಹೊಲಗಳಿಗೆ ಹೋಗುತ್ತಿತ್ತು.

"ರತ್ನಾ! ಮುಟ್ಟಿದ್ರೆ ನೋಡು!" ಎಂದ ಚೆನ್ನರಾಯಪ್ಪ. ಅಷ್ಟರಲ್ಲಿ ಕೊಪ್ಪರಿಗೆ ತಿರುಗಿ, "ಕೈ ಮುರೀತೀನಿ!" ಎಂದದ್ದು ಆಚೆ ದಡದ ಎಮ್ಮೆಗೆ ಹೇಳಿದಂತಾಯಿತು. ಮತ್ತೆ ಇತ್ತ ತಿರುಗುವಷ್ಟರಲ್ಲಿ ಇಬ್ಬರು ಹೆಂಗಸರೂ ಗೂಟ ಕಿತ್ತಾಗಿತ್ತು.

ಸಂಜೆಗೆ ಕಟ್ಟೆ ಬರಿದಾಯಿತು. ಬೈಯುತ್ತಾ, ತಿರುಗುತ್ತಾ, ನಿಧಾನವಾಗಿ ಇಳಿಯುತ್ತಾ ಚೆನ್ನರಾಯಪ್ಪ ಕೆಸರಿನ ನಡುವೆ ಕುಳಿತ. ಕೊಪ್ಪರಿಗೆ ಮೊದಲ ಸಲ ಅಲುಗದೆ ನಿಂತಿತು. ಆಮೇಲೆ ಮೊಣಕಾಲುದ್ದ ಕೆಸರು ತುಳಿದು ಮನೆಗೆ ಬಂದು, ಸಪ್ಪೆ ಸಾರು ಉಂಡು ಮಲಗಿದ.

ಬೆಳಗ್ಗೆ ಎದ್ದು, ಹೆಂಡತಿಯೊಂದಿಗೆ ಜಗಳದ ಬಾಕಿ ತೀರಿಸಲೆಂದೇ ಹುಳುಮನೆಗೆ ಹೊರಟವನು ದಾರಿಯಲ್ಲಿ ಬರಿದಾದ ಕಟ್ಟೆಯೊಳಗೆ ಇಳಿದ. ರಾತ್ರಿ ಹುತ್ತ ಕುಸಿದು, ನೀರನ್ನು ತಡೆದಿದ್ದ ತೆಳು ಮಣ್ಣನ್ನೂ ಎಳೆದುಕೊಂಡು ಒಳಗೆ ಹೋಗಿತ್ತು. ಅದರ ಕೆಳಗೆ, ಏರಿಯ ಈ ಕಡೆಯಿಂದ ಆ ಕಡೆಗೆ, ಆಳು ನುಸುಳುವಷ್ಟು ದೊಡ್ಡ ತೂತು ಬಾಯಿ ಬಿಟ್ಟಿತ್ತು. ಚೆನ್ನರಾಯಪ್ಪ ಬಗ್ಗಿ ಇಣುಕಿದ.

ತೂತಿನ ಆಚೆ ನೆಟ್ಟಗೆ ಹುಳುಮನೆಯ ಬಾಗಿಲು. ಬಾಗಿಲಲ್ಲಿ ಅವನ ಹೆಂಡತಿ, ಮಡಿಲಲ್ಲಿ ಹೊಂಬಣ್ಣಕ್ಕೆ ತಿರುಗಿದ ಹಣ್ಣು ಹುಳು. ಒಂದೊಂದನ್ನೇ ಎತ್ತಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಯ ಮೇಲೆ ಬಿಡುತ್ತಿದ್ದಳು. ಗೂಟ ಕೀಳದಿದ್ದರೆ ನಿನ್ನೆ ಆ ನೀರೆಲ್ಲ ಈ ದಾರಿಯಲ್ಲೇ ನುಗ್ಗುತ್ತಿತ್ತು. ಬೈಯಲೆಂದು ತಂದ ಮಾತೆಲ್ಲ ಮರೆತುಹೋಯಿತು.

"ರತ್ನಾ," ಎಂದ ತೂತಿನೊಳಗೆ ತಲೆ ತೂರಿಸಿ. "ನೀನು ಕಾಣ್ತಿದೀಯ ಕಣೇ."

ಅವಳು ಹುಳುವಿನಿಂದ ಕಣ್ಣೆತ್ತಲಿಲ್ಲ.

"ನಾನು ಕಾಣಕ್ಕೆ ಇಷ್ಟು ದೊಡ್ಡ ತೂತು ಬೇಕಾಯ್ತಾ?" ಎಂದಳು.