ಹಳೆ ಸಾರಿನ ಮೇಲೆ ಹೊಸ ಸಾರು

ಹೊಸ ಅಡುಗೆಯನ್ನು ಹಳೆಯದರ ಮೇಲೆ ಸುರಿಯಬಾರದು, ಟ್ರೇಯನ್ನೇ ಬದಲಿಸಬೇಕು ಎಂದು ನಮ್ಮ ಹೋಟೆಲಿನ ಅಡುಗೆಮನೆಯ ಗೋಡೆಯ ಮೇಲೆ ಬರೆದಿದೆ. ಬರೆಸಿದವರು ಮ್ಯಾನೇಜರ್. ಸುರಿಸುವವರೂ ಅವರೇ.

ಇವತ್ತು ಬಫೆ ಮೇಜಿನ ಮೇಲೆ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟ ಕೋಳಿ ಸಾರು ಮಧ್ಯಾಹ್ನ ಎರಡಾದರೂ ಅಲ್ಲೇ ಇತ್ತು. ಟ್ರೇಯ ಅಡಿಯ ಬಿಸಿನೀರು ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು. ನಾನು ಅದನ್ನು ಎತ್ತಲು ಹೋದೆ.

“ಅದನ್ಯಾಕೆ ತೆಗೀತೀರಾ? ಹೊಸದನ್ನ ಮೇಲೆ ಸುರೀರಿ, ಯಾರಿಗೂ ಗೊತ್ತಾಗಲ್ಲ,” ಅಂದರು ಮ್ಯಾನೇಜರ್.

ಇಪ್ಪತ್ತು ವರ್ಷ ಸೌಟು ಹಿಡಿದ ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಹೊಟ್ಟೆಪಾಡು ನೋಡಿ, ಸುರಿದೆ.

ಅಷ್ಟರಲ್ಲಿ ಅವರ ತಾಯಿ ಮೊಮ್ಮಗಳ ಕೈ ಹಿಡಿದುಕೊಂಡು ಊಟಕ್ಕೆ ಬಂದರು. ಮ್ಯಾನೇಜರ್ ಓಡಿಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. “ಅಕ್ಕಾ, ಅಮ್ಮಂಗೂ ಮಗಳಿಗೂ ಒಳಗಿಂದ ಬೇರೆ ತಂದುಬಿಡಿ.”

ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರಲ್ಲೂ ಅಮ್ಮಂದಿರಿದ್ದರು, ಮಕ್ಕಳಿದ್ದರು. ನಾನು ಟ್ರೇ ಎತ್ತಿ, ಅವರೆಲ್ಲರ ಎದುರಿಗೇ ಕಸದ ಡಬ್ಬಿಗೆ ಬಗ್ಗಿಸಿದೆ.

“ಸ್ವಲ್ಪ ತಡೀರಿ,” ಎಂದು ಸಾಲಿನವರಿಗೆ ಹೇಳಿದೆ. “ಸಾಹೇಬ್ರ ಅಮ್ಮಂಗೆ ತರೋದನ್ನೇ ನಿಮಗೂ ತರ್ತೀನಿ.”