ಸುತ್ತಲೂ ಸುಲಿದ ಮರ

ಕಾಕಮೆಗಾ ಕಾಡಿನಲ್ಲಿ ಜನರನ್ನು ನಡೆಸಿಕೊಂಡು ಹೋಗಿ ಗಿಡಮರಗಳ ಮಾತುಕತೆ ತಿಳಿಸುವುದು ಮಿನಾಯೋಳ ಕೆಲಸ. ಆ ಬೆಳಿಗ್ಗೆ ಕಿಸುಮು ಪಟ್ಟಣದಿಂದ ಎಂಟು ಜನ ಬಂದಿದ್ದರು. ಅವಳು ಹುಳು ಕೊರೆದ ಎಲೆಯೊಂದನ್ನು ಕಿವುಚಿ ಅವರಿಗೆ ಮೂಸಲು ಕೊಟ್ಟಳು.

"ಈ ವಾಸನೇನೇ ಇದರ ಮಾತು. ಪಕ್ಕದ ಗಿಡಕ್ಕೆ ತಾಕಿದ್ರೆ ಅದೂ ಹುಷಾರಾಗಿ ತನ್ನ ಎಲೆ ಕಹಿ ಮಾಡ್ಕೊಳ್ಳುತ್ತೆ."

ತಿರುವಿನಲ್ಲಿ ಅವಳ ಮಾತು ನಿಂತಿತು. ಔಷಧಕ್ಕೆ ಬಳಸುವ ದೊಡ್ಡ ಮ್ವಿರಿತ್ಸಾ ಮರದ ತೊಗಟೆಯನ್ನು ಯಾರೋ ಸುತ್ತಲೂ ಸುಲಿದಿದ್ದರು. ಹಾಗೆ ಸುಲಿದ ಮರ ಉಳಿಯುವುದಿಲ್ಲ. ಕತ್ತಿಯ ಗೀರುಗಳು ವಾಲಿದ ದಿಕ್ಕು ನೋಡಿದರೆ ಅದು ಎಡಗೈಯವನ ಕೆಲಸ. ಆ ಕಡೆ ಎಡಗೈಯಲ್ಲಿ ತೊಗಟೆ ತೆಗೆಯುವ ನಾಟಿವೈದ್ಯ ಒಬ್ಬನೇ, ಅವಳ ಅಪ್ಪ ಶಿತಾಂಡಿ.

"ಯಾರಮ್ಮ ಇದು ಮಾಡಿದ್ದು?" ಗುಂಪಿನಲ್ಲಿದ್ದ ನಿವೃತ್ತ ಟೀಚರ್ ಅವೂರ್ ಕೇಳಿದರು.

"ಕೋತಿಗಳಿರಬೇಕು."

"ನಿಮ್ಮೂರ ಕೋತಿ ಕತ್ತಿ ಹಿಡಿಯುತ್ತಾ?"

ಎಲ್ಲರೂ ನಕ್ಕರು. ಮಿನಾಯೋಗೆ ನಗು ಬರಲಿಲ್ಲ. ಉಳಿದ ದಾರಿಯಲ್ಲಿ ಎರಡು ಮರಗಳ ಹೆಸರು ತಪ್ಪಾಗಿ ಹೇಳಿದಳು, ನೀರಿನ ಬಾಟಲಿ ಎಲ್ಲೋ ಬಿಟ್ಟಳು.

ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ತೊಗಟೆ ಕುಟ್ಟುತ್ತಿದ್ದ.

"ಸುತ್ತಲೂ ಸುಲಿದುಬಿಟ್ಟಿದ್ದೀಯಲ್ಲಪ್ಪ."

"ಯಾರು ಚಾಡಿ ಹೇಳಿದ್ದು? ನಿನ್ನ ಮಾತಾಡೋ ಮರಗಳಾ?"

"ನಿನ್ನ ಎಡಗೈ."

"ಸುಮ್ನಿರು. ನಲವತ್ತು ವರ್ಷದಿಂದ ಒಂದೇ ಮಗ್ಗುಲಲ್ಲಿ ತೆಗೀತೀನಿ. ಇನ್ನೊಂದನ್ನ ಮುಟ್ಟೋನಲ್ಲ ನಾನು."

ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಆದರೆ ಒನಕೆ ಎರಡು ಸಲ ಒರಳಿನ ಹೊರಗೆ ಬಿತ್ತು. ಅಪ್ಪನಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲವೆಂದು ಅವಳಿಗೆ ಹೊಳೆದದ್ದು ಆಗಲೇ.

ಮರುದಿನ ಕೈ ಹಿಡಿದು ಅವನನ್ನು ಮರದ ಬಳಿಗೆ ಕರೆದೊಯ್ದಳು. ಅವನು ಬೆರಳಾಡಿಸುತ್ತ ಒಂದು ಸುತ್ತು ಬಂದ. ತೊಗಟೆ ಸಿಗಲಿಲ್ಲ. ಇನ್ನೊಂದು ಸುತ್ತು ಬಂದು ಬೇರಿನ ಮೇಲೆ ಕುಸಿದು ಕುಳಿತ.

"ಮೂರು ಸಲ ಬಂದಿದ್ದೆ. ಮೂರು ಸಲಾನೂ ಅದೇ ಮಗ್ಗುಲು ಅಂದ್ಕೊಂಡೆ ಕಣೇ."

"ಕಣ್ಣು ಮಂಜಾಗಿದೆ ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನನ್ನ ಹತ್ರ ಔಷಧಕ್ಕೆ ಯಾರು ಬರ್ತಾರೆ?"

ಇಬ್ಬರೂ ಸೇರಿ ಮಣ್ಣು, ಸಗಣಿ ಕಲಸಿ ಗಾಯಕ್ಕೆ ಮೆತ್ತಿದರು. ಪ್ರಯೋಜನವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಅವನೇ ಅರಣ್ಯದ ಗಾರ್ಡ್ ಬಳಿಗೆ ನಡೆಸು ಎಂದ. ಅಲ್ಲಿ ತಪ್ಪೊಪ್ಪಿಕೊಂಡು ಕತ್ತಿ ಒಪ್ಪಿಸಿದ.

ಶನಿವಾರದ ಗುಂಪು ಆ ಮರದ ಮುಂದೆ ನಿಂತು ಅದೇ ಪ್ರಶ್ನೆ ಕೇಳಿತು.

"ನಮ್ಮಪ್ಪ," ಎಂದಳು ಮಿನಾಯೋ. "ಜೊತೆಗೇ ಬಂದಿದ್ದಾನೆ, ಅವನನ್ನೇ ಕೇಳಿ."

ಶಿತಾಂಡಿ ಗಂಟಲು ಸರಿಮಾಡಿಕೊಂಡು ನಡೆದದ್ದನ್ನು ಹೇಳಲು ಶುರುಮಾಡಿದ. ಅವನ ಮಾತು ಮುಗಿಯುವವರೆಗೂ ಅವಳು ಒಂದು ಕಡೆ ನಿಲ್ಲಲಾರದೆ ಅಕ್ಕಪಕ್ಕದ ಮರಗಳ ನಡುವೆ ಓಡಾಡುತ್ತಲೇ ಇದ್ದಳು.